ಹಗ್ಗ ಜಗ್ಗಿದರೆ ನಿಲ್ಲುವ ರೈಲು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ನಾನು ಮದುವೆಗೆ ಮುಂಚೆ ಹೇಳಿದ್ದು ಒಂದೇ ಒಂದು ಸುಳ್ಳು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಆ ಒಂದನ್ನು ಕಾಯುವುದಕ್ಕಾಗಿ ಮದುವೆಯಾದ ಮೇಲೆ ಹೇಳಬೇಕಾಯಿತು. ಮಿರಜಕ್ಕೆ ಕನ್ಯೆ ನೋಡಲು ಹೋದಾಗ ಮಾವನವರಾಗಲಿದ್ದವರು ಸುಮ್ಮನೆ ಮಾತಿಗೆಂದು, “ರೈಲಿನ ರೂಢಿ ಐತೇನ್ರಿ?” ಎಂದು ಕೇಳಿದರು. ಒಳಬಾಗಿಲ ಸಂದಿಯಲ್ಲಿ ಬಳೆ ಸದ್ದಾಯಿತು. ಬಳೆ ಸದ್ದಾದ ಮೇಲೆ ಯಾವ ಗಂಡಸು ಖರೆ ಹೇಳಿದ್ದಾನೆ ಹೇಳಿ? ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟು, “ಡ್ರಾಯಿಂಗ್ ಪರೀಕ್ಷಾಕ್ಕಂತ ಮುಂಬೈಗೆ ಹೋಗಿ ಬಂದು ಮಾಡ್ತಿದ್ದೆರಿ. ರೈಲಂದ್ರ ನಮಗ ಮನಿ ಪಡಸಾಲಿ ಇದ್ದಂಗ” ಎಂದೆ. ನಾನು ಮುಂಬೈಗೆ ಹೋದದ್ದು ಒಮ್ಮೆ ಮಾತ್ರ, ಅದೂ ಬನಹಟ್ಟಿಯ ಸೀರೆ ಗಂಟುಗಳ ಮೇಲೆ ಅಂಗಾತ ಮಲಗಿಕೊಂಡು, ಲಾರಿಯಲ್ಲಿ.

ರೈಲು ಹತ್ತುವ ಪ್ರಯತ್ನವನ್ನೇ ಮಾಡಲಿಲ್ಲ ಎಂದು ತಿಳಿಯಬೇಡಿ. ಅದೇ ಪರೀಕ್ಷೆಗೆಂದು ಕುಡಚಿ ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆಸಿ, ಟ್ರಂಕು ಹಿಡಿದು ನಿಂತಿದ್ದೆ. ಗಾಡಿ ಬಂತು. ಬಂತು ಅಂದರೆ, ನೆಲ ನಡುಗಿಸಿಕೊಂಡು, ಕಿವಿ ಕಿತ್ತುಹೋಗುವಂತೆ ಕೂಗಿಕೊಂಡು ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಆಮೇಲೆ ಇನ್ನೆರಡು. ಸರಿಯುತ್ತ ಸರಿಯುತ್ತ ಚಹಾದ ಅಂಗಡಿಯ ಗೋಡೆಗೆ ಬೆನ್ನು ತಾಗುವಷ್ಟರಲ್ಲಿ ಗಾಡಿ ಹೋಗಿಯೇಬಿಟ್ಟಿತು. ಸರಳವಾಗಿ ಹೇಳಬೇಕೆಂದರೆ ಅಂಜಿಕೆ. ಹುಲಿಗೆ ಅಂಜುವವನನ್ನು ನೋಡಿ ಯಾರೂ ನಗುವುದಿಲ್ಲ, ರೈಲಿಗೆ ಅಂಜುವವನಿಗೆ ಮಾತ್ರ ಹೇಳಿಕೊಳ್ಳಲು ಬಾಯಿಲ್ಲ.

ಕಮಲಾ, ಅಂದರೆ ಬಳೆ ಸದ್ದು ಮಾಡಿದವಳು, ಬನಹಟ್ಟಿಗೆ ಬಂದು ಸಂಸಾರ ಹೂಡಿದಳು. ಅವಳ ತವರಿಗೆ ಹೋಗಲು ಕುಡಚಿಯಲ್ಲಿ ರೈಲು ಹತ್ತುವುದೇ ಸುಲಭದ ದಾರಿ. ನಾನು ಇಪ್ಪತ್ತೆರಡು ವರ್ಷ ಅವಳನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಒಮ್ಮೆ “ರೈಲು ಲೇಟಂತ”, ಒಮ್ಮೆ “ಗದ್ದಲ ಭಾಳಂತ”, ಇನ್ನೊಮ್ಮೆ “ಮುಂಬೈ ರೈಲಿನ್ಯಾಗ ಕುಂತು ಕುಂತು ಬ್ಯಾಸರ ಆಗೇತಿ, ಬಸ್ಸಿನ ಮಜಾನ ಬ್ಯಾರೆ.” ಪಾಪ, ಅವಳಿಗೆ ಬಸ್ಸು ಆಗಿಬರುವುದಿಲ್ಲ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕಿಟಕಿಗೆ ಹಣೆ ಹಚ್ಚಿ ಕೂತುಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಸ್ಸಿನ ಮಜಾ ಅನುಭವಿಸುತ್ತಿದ್ದೆ.

ಹೀಗಿರುವಾಗ ಜಮಖಂಡಿಯ ಸಂಗಪ್ಪ ಸಾಹುಕಾರರು ಸಿಂಗಾಪುರಕ್ಕೆ ಹೋಗಿಬಂದರು. ಹೋಗಿದ್ದು ಕಬ್ಬಿನ ಬೆಳೆಗಾರರ ಅಧ್ಯಯನ ಪ್ರವಾಸಕ್ಕೆ, ಆದರೆ ಅಲ್ಲಿ ಕಬ್ಬು ಎಲ್ಲೂ ಕಾಣಲಿಲ್ಲವಂತೆ. ಬದಲಿಗೆ ಒಂದು ಮೋಜಿನ ತೋಟ ಕಂಡಿತು. ತೋಟದಿಂದ ರೆಸಾರ್ಟಿಗೆ, ರೆಸಾರ್ಟಿನಿಂದ ಇನ್ನೊಂದು ತೋಟಕ್ಕೆ ಮಂದಿಯನ್ನು ಒಯ್ಯಲು ಬಣ್ಣಬಣ್ಣದ ರೈಲು. ಅದರ ಕಿಟಕಿಗಳೂ ಗೊಂಬೆಯ ಮುಖದ ಆಕಾರದವು. ಸಾಹುಕಾರರಿಗೆ ಅನಗವಾಡಿಯ ಹೊಳೆದಂಡೆಯಲ್ಲಿ ಆಣೆಕಟ್ಟಿನ ಹಿನ್ನೀರು ಮುಟ್ಟದೆ ಉಳಿದ ಹೊಲವಿತ್ತು. ಅಲ್ಲಿ ರೆಸಾರ್ಟು ಕಟ್ಟಿಸಿದರು. ಬಾಡಗಂಡಿಯ ಕಡೆಯ ಹೊಲದಲ್ಲಿ ಜಾರುಬಂಡೆ, ತೊಟ್ಟಿಲು, ಕಾರಂಜಿಗಳ ಮೋಜಿನ ತೋಟ ಮಾಡಿಸಿದರು. ಎರಡನ್ನೂ ಕೂಡಿಸುವ ರೈಲಿನ ನಕ್ಷೆ ಬರೆಯಲು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾದ ನನ್ನನ್ನು ಕರೆಸಿದರು. ಹಳಿ ಇರಲಿಲ್ಲ, ಎಂಜಿನ್ನೂ ಇರಲಿಲ್ಲ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಕಬ್ಬು ಹೇರುವ ಎರಡು ಟ್ರೇಲರುಗಳಿದ್ದವು.

“ಮಾಸ್ತರ, ಹತ್ತಿದವ್ರಿಗೆ ಬ್ಯಾರೆ ಲೋಕಕ್ಕ ಹೋದಂಗ ಆಗಬೇಕ್ರಿ. ಇಳದ ಮ್ಯಾಲೂ ಒಂದು ತಾಸು ಅಮಲು ಇಳೀಬಾರ್ದು” ಎಂದರು ಸಾಹುಕಾರರು.

ನಾನು ಮೊದಲು ಸಮುದ್ರದ ತಳದ ಲೋಕವೊಂದನ್ನು ಬರೆದೆ. ಚಾವಣಿಯ ತುಂಬ ನೀಲಿ ನೀರು, ಮೀನು, ಎಂಟು ಕಾಲಿನ ಪ್ರಾಣಿ. ಟ್ರ್ಯಾಕ್ಟರು ಹೊಡೆಯುವ ಬೀರಪ್ಪ ಕಾಗದವನ್ನು ಬಗ್ಗಿ ನೋಡಿದ. ಹಣೆಯ ತುಂಬ ಬೀರೇಶ್ವರನ ಭಂಡಾರದ ಅರಿಶಿನ ಬಳಿದುಕೊಂಡ, ಮಾತು ಕಡಿಮೆಯ ಮನುಷ್ಯ. “ಆಣಿಕಟ್ಟಿನ ನೀರಾಗ ನಮ್ಮ ಊರ ಮುಳುಗೇತ್ರಿ ಮಾಸ್ತರ. ಮತ್ತ ಗಾಡ್ಯಾಗ ಕುಂತೂ ಮುಳುಗೋದೇನ್ರಿ?” ಎಂದ. ನಾನು ಕಾಗದ ಹರಿದೆ. ಎರಡನೆಯದು ಕಾಡು. ಸಿಂಹ ನೋಡಿದ ಸಾಹುಕಾರರು, “ಇದು ನಮ್ಮ ಬೀಗರಂಗ ಕಾಣತೈತಿ, ಬ್ಯಾಡ” ಎಂದರು. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ನಮ್ಮ ಭಾಗಕ್ಕೆ ರೈಲು ಬರುತ್ತದೆ ಎಂಬ ಸುದ್ದಿ ನಾನು ಹುಟ್ಟುವ ಮೊದಲೇ ಬಂದಿತ್ತು, ರೈಲು ಮಾತ್ರ ಬಂದಿರಲಿಲ್ಲ. ಬೀಳಗಿ, ಮುಧೋಳದ ಮಂದಿಗೆ ಸಮುದ್ರ, ಕಾಡು ಯಾಕೆ? “ಸಾಹುಕಾರ, ನಮ್ಮ ಮಂದಿಗೆ ಬ್ಯಾರೆ ಲೋಕ ಅಂದ್ರ ರೈಲ ರೀ. ಖರೇ ರೈಲಿನಂಗ ಖರೇ ರೈಲು ಮಾಡೂಣು” ಎಂದುಬಿಟ್ಟೆ.

“ಭಲೇ! ಮುಂಬೈ ರೈಲಿನ್ಯಾಗ ಅಡ್ಡಾಡಿದವ್ರು ನೀವು. ನಿಮ್ಮನ್ ಬಿಟ್ರ ಇದು ಯಾರಿಂದ ಆಗಬೇಕು?” ಎಂದು ಬೆನ್ನು ತಟ್ಟಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕನ್ಯೆ ನೋಡುವಾಗ ಹೇಳಿದ ಸುಳ್ಳು ಜಮಖಂಡಿಯ ತನಕ ನಡೆದು ಬಂದಿದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅಲ್ಲಿಂದ ನನ್ನ ಸಂಶೋಧನೆ ಶುರುವಾಯಿತು. ನೇರವಾಗಿ ಕೇಳುವಂತಿಲ್ಲ. “ಈಗೀಗ ರೈಲಿನ್ಯಾಗ ಏನೇನ ಬದಲಾಗೇತ್ರಿ?” ಎಂದು ಎಲ್ಲ ತಿಳಿದವನ ಹಾಗೆ ಕೇಳಬೇಕು. ಒಬ್ಬರು ಮಲಗಲು ಅಟ್ಟ ಇರುತ್ತದೆ ಎಂದರು. ಇನ್ನೊಬ್ಬರು, ಮೇಲೊಂದು ಸರಪಳಿ ಇರುತ್ತದೆ, ಜಗ್ಗಿದರೆ ಗಾಡಿ ನಿಲ್ಲುತ್ತದೆ ಎಂದರು. ನನಗೆ ತಟ್ಟನೆ ಅರ್ಥವಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಜಗ್ಗುವ ಗಂಟೆಯ ಹಗ್ಗ! ಸರಪಳಿ ಎಂದು ಸುಮ್ಮನೆ ದೊಡ್ಡಸ್ತಿಕೆಗೆ ಅನ್ನುತ್ತಾರೆ ಅಷ್ಟೆ. ಮುಧೋಳದ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರುಗಳಿಗೆ ಚಾವಣಿ, ಕಿಟಕಿ, ಅಟ್ಟ ಎಲ್ಲ ಕೂಡಿಸಿ, ಎರಡೂ ಡಬ್ಬಿಯ ಉದ್ದಕ್ಕೂ ಹಗ್ಗ ಕಟ್ಟಿಸಿ, ಬೀರಪ್ಪನ ಕಿವಿಯ ಹತ್ತಿರ ಗಂಟೆ ತೂಗುಹಾಕಿಸಿದೆ. ಒಂದು ಬಾರಿಸಿದರೆ ನಿಲ್ಲಬೇಕು, ಎರಡು ಬಾರಿಸಿದರೆ ಹೊರಡಬೇಕು. ಒಳಗೆ ಫಲಕಗಳನ್ನು ನಾನೇ ಬರೆದೆ. ಕೈ ತಾನೇ ಓಡುತ್ತಿತ್ತು: ‘ಮುಂದಿನ ಸೀಟು ಮಹಿಳೆಯರಿಗೆ’, ‘ಕೈ ತಲೆ ಹೊರಗೆ ಹಾಕಬಾರದು’, ‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’. ಬರೆದ ಮೇಲೆ ದೂರ ನಿಂತು ನೋಡಿದೆ. ಎಷ್ಟು ರೈಲು ರೈಲಾಗಿ ಕಂಡಿತೆಂದರೆ ನನಗೇ ಸ್ವಲ್ಪ ಅಂಜಿಕೆಯಾಯಿತು.

ಉದ್ಘಾಟನೆಯ ಮುಂಜಾನೆ ಕಮಲಾ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ತಯಾರಾಗಿ ನಿಂತಳು. ಬರುವವರಲ್ಲಿ ಖರೇ ರೈಲನ್ನು ಚೆನ್ನಾಗಿ ಬಲ್ಲವಳು, ಮಿರಜ ಜಂಕ್ಷನ್ನಿನ ಊರಲ್ಲಿ ಬೆಳೆದ ಇವಳೊಬ್ಬಳೇ. ಉಳಿದವರೆಲ್ಲ ನಕ್ಕರೆ ನಗಲಿ. ಇವಳ ಕಣ್ಣಲ್ಲಿ ನಾನು ಮುಂಬೈ ರೈಲಿನ ಗಂಡಸು. ಆ ಮಾನ ಹೋದರೆ ಉಳಿದದ್ದೇನು?

“ಧೂಳ ಭಾಳ ಇರತೈತಿ, ನೀ ಮನ್ಯಾಗ ಇರು” ಎಂದೆ.

“ಇರ್ಲಿ ಬಿಡ್ರಿ. ರೈಲಿನ್ಯಾಗ ನನಗ ವಾಂತಿ ಆಗೂದಿಲ್ಲ” ಎಂದಳು.

ಅನಗವಾಡಿಯಲ್ಲಿ ಮಂದಿ ಬಸ್ಸಿಗೆ ಮುತ್ತಿದಂತೆಯೇ ಮುತ್ತಿದರು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದರು. ಕಮಲಾ ಮಹಿಳೆಯರ ಸೀಟಿನಲ್ಲಿ ಕೂತು ಮೇಲೆ ಹಗ್ಗ ನೋಡಿದಳು, ಎದುರಿಗೆ ಚಿಲ್ಲರೆಯ ಫಲಕ ಓದಿದಳು, ಆಮೇಲೆ ನನ್ನನ್ನು ನೋಡಿದಳು. ಮದುವೆಯಾದವರಿಗೆ ಗೊತ್ತು, ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಬರೀ ನೋಡಿದರೆ ಕಷ್ಟ.

ಬೀರಪ್ಪ ತೆಂಗಿನಕಾಯಿ ಒಡೆದು ಗಾಡಿ ಬಿಟ್ಟ. ಹಗ್ಗ ಜಗ್ಗಿದರೆ ರೈಲು ನಿಲ್ಲುತ್ತದೆ ಎಂದು ತಿಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಒಬ್ಬರಿಗೆ ಅಳಿಯ ಎದುರಾದ, ಟಣ್. ಒಬ್ಬರಿಗೆ ಎಲೆಅಡಿಕೆ ಉಗುಳಬೇಕು, ಟಣ್. ಒಬ್ಬ ಅಜ್ಜಿ ನಿಲ್ಲುತ್ತದೋ ಇಲ್ಲವೋ ನೋಡಬೇಕೆಂದೇ ಜಗ್ಗಿದಳು. ನಿಂತಾಗಲೆಲ್ಲ ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ನಮ್ಮನ್ನು ದಾಟಿ ದಾಟಿ ಮುಂದೆ ಹೋದವು. ಕಬ್ಬು ನುರಿಸುವ ಹಂಗಾಮು, ದಾರಿಯಲ್ಲಿ ಸಕ್ಕರೆ ಕಾರ್ಖಾನೆ. ಅದರ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಯ ಉದ್ದಕ್ಕೂ ಬೆಳೆದುನಿಂತಿತ್ತು. ಬೀರಪ್ಪ ಸಾಲಿನ ಬಾಲ ಕಂಡದ್ದೇ ಸೀದಾ ಅದರ ಹಿಂದೆ ಹಚ್ಚಿ, ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಚಹಾ ಕುಡಿಯಲು ಹೊರಟ.

“ಲೇ ಬೀರಪ್ಪ, ಯಾಕ ನಿಲ್ಲಿಸಿದಿ?”

“ಪಾಳಿ ಹಚ್ಚೇನ್ರಿ.”

“ನಮ್ಮಲ್ಲಿ ಕಬ್ಬಿಲ್ಲೋ ಮಾರಾಯಾ! ಬಾಜೂ ಹಾದು ಹೋಗು!”

ಬೀರಪ್ಪ ನನ್ನನ್ನು ದೇವರ ಮೇಲೆ ಉಗುಳಿದವನನ್ನು ನೋಡುವಂತೆ ನೋಡಿದ. “ಹದಿನೈದು ವರ್ಷ ಆತ್ರಿ ಕಬ್ಬು ಹೊಡ್ಯಾಕತ್ತಿ. ಒಂದ್ ದಿನಾನೂ ಪಾಳಿ ಮುರದಿಲ್ಲ. ಇವತ್ತ ಮುರದ್ರ ನಾಳೆ ಈ ಮಂದ್ಯಾಗ ಹ್ಯಾಂಗ ನಿಂದ್ರಲಿ?” ಅಷ್ಟರಲ್ಲಿ ನಮ್ಮ ಹಿಂದೆ ಐದಾರು ಟ್ರ್ಯಾಕ್ಟರುಗಳು ಬಂದು ಅಂಟಿಕೊಂಡವು. ರಸ್ತೆಯ ಆ ಬದಿಯಲ್ಲಿ ಖಾಲಿಯಾದ ಗಾಡಿಗಳು ತಿರುಗಿ ಬರುತ್ತಿದ್ದವು. ಇನ್ನು ಹಾದುಹೋಗುವ ಮಾತೇ ಉಳಿಯಲಿಲ್ಲ.

ನಾಲ್ಕು ತಾಸು! ಮೊದಲ ಅರ್ಧ ತಾಸು ಮಂದಿ ನನ್ನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ಯಾರೋ, “ರೈಲು ಕ್ರಾಸಿಂಗಿಗೆ ಹಿಂಗ ನಿಂದ್ರತೈತಂತ ಬೇ” ಎಂದರು. ಅಷ್ಟೇ ಸಾಕಾಯಿತು. ಬುತ್ತಿಗಳು ಬಿಚ್ಚಿಕೊಂಡವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸೀಟಿನಿಂದ ಸೀಟಿಗೆ ನಡೆದವು. ಮುಂದಿನ ಟ್ರೇಲರಿನಿಂದ ಕಬ್ಬು ಜಗ್ಗಿ ತಿಂದರು, ಅಟ್ಟ ಏರಿ ಗೊರಕೆ ಹೊಡೆದರು. ಬಾಡಗಂಡಿಯಲ್ಲಿ ಹಾರ ಹಿಡಿದು ಕಾದಿದ್ದ ಸಾಹುಕಾರರು ಮೋಟರ್‌ಸೈಕಲ್ಲಿನಲ್ಲಿ ಹುಡುಕಿಕೊಂಡು ಬಂದು ಹಾರಾಡುವಷ್ಟರಲ್ಲಿ ಅವರ ಕೈಗೂ ಒಂದು ರೊಟ್ಟಿ ಬಂತು. ಕೊನೆಗೆ ಬೀರಪ್ಪನ ಪಾಳಿ ಬಂದು ರೈಲು ತೂಕದ ಕಾಟಾದ ಮೇಲೆ ಹತ್ತಿ ನಿಂತಿತು. ಕಾರಕೂನ ತಲೆಯೆತ್ತದೆ, “ಯಾವ ತಳಿರಿ?” ಎಂದು ಕೇಳಿದ. “ಜಮಖಂಡಿ ತಳಿ!” ಎಂದು ಡಬ್ಬಿಗೆ ಡಬ್ಬಿಯೇ ಕೂಗಿತು.

ಆದರೆ ನಾನು ಹೇಳಬೇಕಾದದ್ದು ಆ ನಾಲ್ಕು ತಾಸಿನ ನಡುವೆ ನಡೆದದ್ದು. ಕಮಲಾ ಪಕ್ಕಕ್ಕೆ ಬಂದು ಕೂತು, ಕಬ್ಬಿನ ಗಣಿಕೆ ಮುರಿದು ನನ್ನ ಕೈಗಿಟ್ಟು, ಮೆತ್ತಗೆ ಕೇಳಿದಳು. “ನೀವು ಒಮ್ಮೆನೂ ರೈಲು ಹತ್ತಿಲ್ಲ, ಹೌದಲ್ರಿ?”

ನಾನು ಗಣಿಕೆಯಿಂದಲೇ ಮೇಲೆ ತೋರಿಸಿದೆ. “ಯಾವಾಗ ಗೊತ್ತಾತು? ಈ ಹಗ್ಗಾ ನೋಡಿ?”

“ಲಗ್ನದ ದಿನಾನ ಗೊತ್ತಾತ್ರಿ. ಬೀಗರೆಲ್ಲಾ ರೈಲಿಗೆ ಬಂದು ಇಳದ್ರು, ಮದುಮಗಾ ಒಬ್ಬನ ಬಾಸಿಂಗಾ ಹಿಡಕೊಂಡು ಬಸ್ ಸ್ಟ್ಯಾಂಡಿಂದ ಬಂದಿದ್ದಾ.”

“ಹಂಗಾರ ಇಷ್ಟ್ ವರ್ಷ ಯಾಕ ಸುಮ್ಮನಿದ್ದಿ?”

“ಅಂದಿದ್ರ ನಿಮ್ಮ ಮಾರಿ ಸಣ್ಣದಾಗತಿತ್ತು. ಇಪ್ಪತ್ತೆರಡು ವರ್ಷ ನಿಮ್ಮ ಮಾನ ಉಳಸಾಕ ವಾಂತಿ ಮಾಡ್ಕೋತ ತವರಿಗೆ ಹೋಗೇನ್ರಿ. ಇನ್ನ ನನ್ನ ಕೈಲೆ ಆಗೂದಿಲ್ಲ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಕೈಯಲ್ಲಿರುತ್ತಿದ್ದ ನಿಂಬೆಹಣ್ಣು, ಕಿಟಕಿಗೆ ಹಚ್ಚಿದ ಹಣೆ ಕಣ್ಣ ಮುಂದೆ ಬಂದು ಬಹಳ ನಾಚಿಕೆಯಾಯಿತು, ದುಃಖವೂ ಆಯಿತು. ಮಾನ ಕಾಯುತ್ತಿರುವವನು ನಾನು ಎಂದುಕೊಂಡಿದ್ದೆ.

ಮುಂದಿನ ಹಂಗಾಮಿಗೆ ಆ ಡಬ್ಬಿಗಳು ಚಾವಣಿ ಕಳಚಿಕೊಂಡು ಮತ್ತೆ ಕಬ್ಬು ಹೇರತೊಡಗಿದವು. ಒಳಬದಿಯ ತಗಡಿನ ಮೇಲೆ ಚಿಲ್ಲರೆ ಕೊಟ್ಟು ಸಹಕರಿಸಿ ಎಂಬ ಅಕ್ಷರ ಮಾತ್ರ ಇನ್ನೂ ಅಳಿದಿಲ್ಲ.

ನಾವಿಬ್ಬರೂ ಕುಡಚಿಗೆ ಹೋದೆವು. ಗಾಡಿ ಬಂತು, ಅದೇ ನಡುಕ, ಅದೇ ಕೂಗು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕಮಲಾ ನನ್ನ ಅಂಗಿಯ ತೋಳು ಹಿಡಿದು, “ಹತ್ರಿ ಮಾಸ್ತರ, ಪಡಸಾಲಿ ಬಂತು” ಎಂದು ಒಳಗೆ ನೂಕಿದಳು. ಹತ್ತಿದೆ. ಐದು ನಿಮಿಷಕ್ಕೆ ಅಂಜಿಕೆ ಹೋಯಿತು, ಹತ್ತು ನಿಮಿಷಕ್ಕೆ ಎದುರಿಗೆ ಕೂತವರಿಗೆ ರೈಲಿನ ನಕ್ಷೆ ಹೇಗೆ ಬರೆಯಬೇಕು ಎಂದು ವಿವರಿಸತೊಡಗಿದೆ. ಕಮಲಾ ಕಿಟಕಿಯ ಗಾಳಿಗೆ ಮುಖವೊಡ್ಡಿ ಶೇಂಗಾ ತಿನ್ನುತ್ತಿದ್ದಳು. ಅಷ್ಟು ಆರಾಮಾಗಿ ಅವಳು ತವರಿಗೆ ಹೋದದ್ದನ್ನು ನಾನು ಕಂಡೇ ಇರಲಿಲ್ಲ. ಅಷ್ಟರಲ್ಲಿ ಮಿರಜದ ಮನೆಗಳು ಕಂಡವು. ಇಳಿಯುವ ಊರು ಬಂತೆಂದು ನಾನು ಎದ್ದು, ಬಸ್ಸಿನ ರೂಢಿಯಂತೆ ಕೈ ಮೇಲೆತ್ತಿದೆ. ಬೆರಳಿಗೆ ತಣ್ಣನೆಯ ಕೆಂಪು ಸರಪಳಿ ಸಿಕ್ಕಿತು. ಇನ್ನೇನು ಒಂದು ಬಾರಿಸಬೇಕು, ಅಷ್ಟರಲ್ಲಿ ಕಮಲಾ ಶೇಂಗಾ ಚೆಲ್ಲಿ ಎದ್ದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ಟೇಷನ್ ಬಂದು, ಗಾಡಿ ತಾನಾಗಿಯೇ ನಿಂತು, ನಾವು ಇಳಿದು, ಅವಳ ತವರಿನ ಬಾಗಿಲು ಮುಟ್ಟುವತನಕ ಅವಳು ಆ ಕೈ ಬಿಡಲಿಲ್ಲ. ನೋಡಿದವರು ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.