ಕೇಳಿಸದ ಗುಂಡಿನ ಅಳತೆ

ನೊಕಿಲಂಪಿ ಪುರಸಭೆಯ ವ್ಯಾಪ್ತಿಯಲ್ಲಿ ಸದ್ದು ಮಾಡುವುದಕ್ಕೆ ಅನುಮತಿ ಬೇಕು. ಸದ್ದು ಮಾಡದೇ ಇರುವುದಕ್ಕೆ ಅನುಮತಿಯ ಜೊತೆಗೆ ಪರೀಕ್ಷೆಯೂ ಆಗಬೇಕು. ಇದು ನಿಯಮ. ಈ ನಿಯಮವನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಫಿನ್‌ಲೆಂಡಿನ ಈ ಮೂಲೆಯಲ್ಲಿ ಯಾರೂ ಕೇಳಿದವರಿಲ್ಲ, ಏಕೆಂದರೆ ಕೇಳಬೇಕಾದರೆ ಬಾಯಿ ತೆರೆಯಬೇಕಾಗುತ್ತದೆ.

ನೊಕಿಲಂಪಿಯ ಜನ ಬಾಯಿ ತೆರೆಯುವುದು ಕಾಫಿ ಕುಡಿಯಲು. ಶಾಲೆ ಮುಚ್ಚಿ, ಬ್ಯಾಂಕು ಮುಚ್ಚಿ, ಅಂಚೆ ಕಚೇರಿ ಮುಚ್ಚಿ, ಕಡೆಗೆ ಇದ್ದೊಂದು ಅಂಗಡಿಯೂ ಬಾಗಿಲು ಹಾಕಿದ ಮೇಲೆ ನಾಲ್ಕು ಜನ ಒಟ್ಟಿಗೆ ಕೂರುವ ಜಾಗವೆಂದು ಊರಿನಲ್ಲಿ ಉಳಿದದ್ದು ಒಂದೇ: ಮೂಸ್ ಎಂಬ ಭಾರೀ ಕೊಂಬಿನ ಕಾಡುಜಿಂಕೆಯ ಬೇಟೆಗಾರರ ಸಂಘದವರು ಗುರಿ ಅಭ್ಯಾಸ ಮಾಡುವ ಮೈದಾನ, ಅದರ ಅಂಚಿನ ಕಾಫಿ ಗುಡಿಸಲು. ಜನ ಬರುತ್ತಿದ್ದರು, ಒಂದೆರಡು ಗುಂಡು ಹಾರಿಸುತ್ತಿದ್ದರು, ಆಮೇಲೆ ಒಳಗೆ ಒತ್ತೊತ್ತಾಗಿ ಕೂತು ಸುಮ್ಮನಿರುತ್ತಿದ್ದರು. ಮನೆಯಲ್ಲಿ ಒಬ್ಬರೇ ಸುಮ್ಮನಿರುವುದು ಬೇರೆ, ಹತ್ತು ಜನ ಸೇರಿ ಸುಮ್ಮನಿರುವುದು ಬೇರೆ. ಎರಡನೆಯದಕ್ಕೆ ಸಮಾಜ ಎನ್ನುತ್ತಾರೆ.

ಸಂಘದ ಅಧ್ಯಕ್ಷೆ ಕೆರ್ತು ಪೀಪರಿನೆನ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಮನೆಯಲ್ಲಿ ರೇಡಿಯೋದ ಹವಾಮಾನ ವರದಿಗೆ ಎದುರುತ್ತರ ಕೊಡಲು ಶುರು ಮಾಡಿದ್ದಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ತನಗೇ ಅನ್ನಿಸಿ ಗುಡಿಸಲಿನ ಕಾಫಿ ಕೆಟಲಿನ ಜವಾಬ್ದಾರಿ ವಹಿಸಿಕೊಂಡಳು. ಹಾಗಾಗಿ ಮೈದಾನ ಮುಚ್ಚಿಸಬೇಕೆಂದು ದೂರು ಬಂದಾಗ ಆಕೆಗೆ ನಿಜಕ್ಕೂ ಹೆದರಿಕೆಯಾಯಿತು.

ದೂರು ಕೊಟ್ಟವನು ಹೆನ್ರಿಕ್ ಲಾಗರ್‌ಸ್ಪೆಟ್ಸ್. ಹೆಲ್ಸಿಂಕಿಯಿಂದ ಬಂದು, ಮೈದಾನದ ಪಕ್ಕದ ಕೊಳದ ಆಚೆ ದಡದಲ್ಲಿ ಮೌನ ಶಿಬಿರ ನಡೆಸುತ್ತಿದ್ದ. ದೂರದ ದೇಶಗಳಿಂದ ಜನ ಬಂದು, ಕೈತುಂಬ ಯೂರೋ ಕೊಟ್ಟು, ನೊಕಿಲಂಪಿಯವರು ಪುಕ್ಕಟೆಯಾಗಿ ಮಾಡುತ್ತಿದ್ದುದನ್ನೇ ಮಾಡಿ ಹೋಗುತ್ತಿದ್ದರು. ದಿನವೂ ಆತ ಧ್ವನಿವರ್ಧಕ ಹಿಡಿದು ಮೌನದ ಮಹತ್ವದ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಗುಂಡಿನ ಸದ್ದಿನಲ್ಲಿ ಉಪನ್ಯಾಸ ಕೇಳಿಸುವುದಿಲ್ಲ ಎಂಬುದೇ ಅವನ ದೂರು.

ಶಬ್ದ ನಿಯಂತ್ರಣ ಕಚೇರಿ ದೂರನ್ನು ಗಂಭೀರವಾಗಿ ಪರಿಗಣಿಸಿತು. ಗುಂಡಿನ ಸದ್ದು ಆಚೆ ದಡದಲ್ಲಿ ಮಿತಿಯೊಳಗಿದೆಯೆಂದು ಅಳತೆಯಿಂದ ಸಾಬೀತಾದಲ್ಲಿ ಮೈದಾನ ಮುಂದುವರಿಯತಕ್ಕದ್ದು. ತಪ್ಪಿದಲ್ಲಿ ಮೈದಾನ, ಗುಡಿಸಲು ಮತ್ತು ಕೆಟಲನ್ನು ತೆರವುಗೊಳಿಸತಕ್ಕದ್ದು.

ಸಂಘದವರು ಎದೆಗುಂದಲಿಲ್ಲ. ರೈಫಲ್ಲಿಗೆ ಸೈಲೆನ್ಸರ್ ಹಾಕುವುದು ಈ ಕಡೆ ಪಾತ್ರೆಗೆ ಮುಚ್ಚಳ ಹಾಕಿದಷ್ಟೇ ಸಹಜ. ಆದರೆ ಸೈಲೆನ್ಸರ್ ಅಡಗಿಸುವುದು ನಳಿಕೆಯ ಬಾಯಿಯ ಅಬ್ಬರವನ್ನು ಮಾತ್ರ. ಗುಂಡು ಶಬ್ದಕ್ಕಿಂತ ವೇಗವಾಗಿ ಓಡಿದರೆ ದಾರಿಯುದ್ದಕ್ಕೂ ಗಾಳಿಯನ್ನು ಸೀಳಿ ಛಟೀರೆನ್ನುತ್ತದೆ. ಅದಕ್ಕೆ ಯಾವ ಮುಚ್ಚಳವೂ ಇಲ್ಲ. ಆದ್ದರಿಂದ ಶಬ್ದಕ್ಕಿಂತ ನಿಧಾನ ಹೋಗುವ ಗುಂಡುಗಳನ್ನು ತರಿಸಿದರು. ಊರಿನವರು ಅದಕ್ಕೆ ಸೋಂಬೇರಿ ಗುಂಡು ಎಂದು ಹೆಸರಿಟ್ಟರು. ಹಾರಿಸುವ ಕೆಲಸ ಕೆರ್ತುವಿನ ಮೈದುನ ವೇಯ್ಕೊನದು. ಅವನು ವಾರಕ್ಕೊಮ್ಮೆ ಮಾತಾಡುವವನು, ಆ ವಾರದ ಮಾತು ಆಗಲೇ ಮುಗಿದಿತ್ತು.

ಪರೀಕ್ಷೆಯ ದಿನ ವೇಯ್ಕೊ ಈಚೆ ದಡದ ಮೈದಾನದಲ್ಲಿ ಉಳಿದ. ಮಿಕ್ಕವರೆಲ್ಲ ಆಚೆ ದಡದಲ್ಲಿ ಲಾಗರ್‌ಸ್ಪೆಟ್ಸನ ದೋಣಿ ಕಟ್ಟುವ ಮರದ ಕಟ್ಟೆಯ ಮೇಲೆ ಸೇರಿದರು. ಶಬ್ದ ನಿರೀಕ್ಷಕ ಯೋರ್ಮ ಕೆಟ್ಟುನೆನ್ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮಾಪಕವನ್ನು ಕೂರಿಸಿ, ಅದರ ತಲೆಗೆ ಗಾಳಿ ತಾಗದಂತೆ ತುಪ್ಪಳದ ಟೋಪಿ ಹಾಕಿದರು. ಹುಲ್ಲಿನ ಮೇಲೆ ಶಿಬಿರಾರ್ಥಿಗಳು ಹಣ ಕೊಟ್ಟ ತಪ್ಪಿಗೆ ಕಣ್ಣು ಮುಚ್ಚಿ ಕೂತಿದ್ದರು.

“ಪರೀಕ್ಷೆ ಶುರು ಮಾಡಬಹುದಾ? ಎಲ್ರೂ ಒಪ್ತೀರಾ?” ಎಂದರು ಕೆಟ್ಟುನೆನ್.

ಈ ಸೀಮೆಯಲ್ಲಿ ಒಪ್ಪಿಗೆ ಸೂಚಿಸುವವರು ‘ಯೋ’ ಎನ್ನುವ ಪದವನ್ನು ಉಸಿರು ಒಳಗೆಳೆದುಕೊಳ್ಳುತ್ತ ಹೇಳುತ್ತಾರೆ. ಮಾತನ್ನು ಹೊರಗೆ ಬಿಟ್ಟರೆ ಎಲ್ಲಿ ಖರ್ಚಾಗುತ್ತದೋ ಎಂಬ ಎಚ್ಚರಿಕೆ. ಇಡೀ ಸಂಘ ಒಂದೇ ಸಲಕ್ಕೆ ಯೋ ಎಂದು ಉಸಿರೆಳೆದುಕೊಂಡಿತು. ಮಾಪಕದ ಅಂಕಿ ಜಿಗಿಯಿತು.

“ಮೊದಲನೇ ಗುಂಡು. ಮಿತಿ ಮೀರಿದೆ,” ಎಂದರು ಕೆಟ್ಟುನೆನ್.

“ಅಯ್ಯೋ ಸಾಹೇಬ್ರೇ, ಅದು ಗುಂಡಲ್ಲ, ನಾವು ಹೂಂ ಅಂದಿದ್ದು!” ಎಂದಳು ಕೆರ್ತು.

“ದಾಖಲಾಗಿದ್ದು ದಾಖಲಾಯ್ತಮ್ಮ.”

“ಹಂಗಾದ್ರೆ ಒಪ್ಪಿಗೆ ಕೇಳ್ದೇ ಶುರು ಮಾಡಿ.”

“ಒಪ್ಪಿಗೆ ಇಲ್ದೇ ಪರೀಕ್ಷೆ ಮಾಡೋಕೆ ನಾನೇನು ದರೋಡೆಕೋರನಾ?”

ಚರ್ಚೆಯಾಯಿತು. ಆ ದಿನದ ಮಟ್ಟಿಗೆ ಹುಬ್ಬು ಏರಿಸುವುದನ್ನು ತಾತ್ಕಾಲಿಕ ಒಪ್ಪಿಗೆಯೆಂದು ಪರಿಗಣಿಸಲಾಯಿತು. ಎಲ್ಲರೂ ಹುಬ್ಬೇರಿಸಿದರು. ಕೆಟ್ಟುನೆನ್ ಬಾವುಟ ಎತ್ತಿ ತೋರಿಸಿದರು. ಆಚೆಯಿಂದ ವೇಯ್ಕೊ ಕೈ ಎತ್ತಿದ.

ಆಮೇಲೆ ಏನೂ ಆಗಲಿಲ್ಲ.

ಬಾತುಕೋಳಿಯೊಂದು ಮುಳುಗಿತು, ಎದ್ದಿತು. ವೇಯ್ಕೊ ತಯಾರಿ ನಡೆಸಿದ್ದಾನೆಂದು ಎಲ್ಲರೂ ಭಾವಿಸಿದರು. ಕೆಲಸದಲ್ಲಿರುವವನಿಗೆ ಫೋನ್ ಮಾಡಿ ‘ಆಯ್ತೇನಯ್ಯಾ’ ಎಂದು ಕೇಳುವುದು ಅಲ್ಲಿ ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕೂರುವಷ್ಟೇ ಅಸಭ್ಯ. ಆದ್ದರಿಂದ ಯಾರೂ ಕೇಳಲಿಲ್ಲ. ಕೆರ್ತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು, ಬುಟ್ಟಿಯಿಂದ ದಾಲ್ಚಿನ್ನಿ ಬನ್ನು ತೆಗೆದಳು. ಆ ಬನ್ನಿಗೆ ಅಲ್ಲಿನ ಭಾಷೆಯಲ್ಲಿ ಕಪಾಳಮೋಕ್ಷ ಎಂದೇ ಹೆಸರು.

“ಇನ್ನೊಂದು ಕಪಾಳಮೋಕ್ಷ ಸಿಗತ್ತಾ?” ಎಂದರು ಕೆಟ್ಟುನೆನ್ ಮೆಲ್ಲಗೆ.

“ಧಾರಾಳವಾಗಿ. ನಿಮಗೆ ಕೊಡೋಕೆ ಕೈ ಕಡೀತಾ ಇದೆ,” ಎಂದಳು ಕೆರ್ತು.

ಫ್ಲಾಸ್ಕು ಬರಿದಾಯಿತು. ಬುಟ್ಟಿ ಬರಿದಾಯಿತು. ಶಿಬಿರಾರ್ಥಿಗಳಲ್ಲಿ ಇಬ್ಬರು ಗೊರಕೆ ಹೊಡೆದರು. ಅದನ್ನು ನಿರೀಕ್ಷಕರು ಪ್ರಕೃತಿಯ ಸದ್ದೆಂದು ಬರೆದುಕೊಂಡರು. ಅಷ್ಟು ಹೊತ್ತಿಗೆ ವೇಯ್ಕೊ ದೋಣಿ ನಡೆಸಿಕೊಂಡು ಬಂದು ಕಟ್ಟೆ ಹತ್ತಿದ. ರೈಫಲ್ಲು ಚೀಲ ಸೇರಿತ್ತು.

“ಯಾಕಪ್ಪಾ, ಏನಾದ್ರೂ ತೊಂದ್ರೆನಾ?” ಎಂದರು ಕೆಟ್ಟುನೆನ್.

“ಇಲ್ಲ.”

“ಮತ್ತೆ ಶುರು ಯಾವಾಗ?”

“ಮುಗೀತು.”

“ಏನು ಮುಗೀತು?”

“ಗುಂಡು,” ಎಂದ ವೇಯ್ಕೊ, ಖಾಲಿ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ತೋರಿಸುತ್ತ. ಅಷ್ಟು ಮಾತಾಡಿದ್ದಕ್ಕೆ ಸುಸ್ತಾಗಿ ಕೂತುಬಿಟ್ಟ.

ಕೆರ್ತುವಿಗೆ ಕುಣಿಯಬೇಕೆನಿಸಿತು. ಡಬ್ಬಿಗಟ್ಟಲೆ ಗುಂಡು ಹಾರಿದೆ, ಒಬ್ಬರ ಕಿವಿಗೂ ಬಿದ್ದಿಲ್ಲ! “ಪಾಸಾದ್ವಿ ತಾನೇ ಸಾಹೇಬ್ರೇ?”

“ಅದ್ಹೆಂಗಮ್ಮಾ ಪಾಸು? ಶಾಲೆ ಹುಡುಗ ಪರೀಕ್ಷೆಗೇ ಬರಲಿಲ್ಲ ಅಂದ್ರೆ ಪಾಸು ಅಂತೀರಾ?”

“ಮಾಪಕದಲ್ಲಿ ಏನೂ ಬಂದಿಲ್ವಲ್ಲಾ!”

“ಅದೇ ಹೇಳ್ತಿರೋದು. ಏನೂ ಬಂದಿಲ್ಲ. ಬಾರದ ಸದ್ದನ್ನ ಮಿತಿಯೊಳಗಿದೆ ಅಂತ ಹೆಂಗೆ ಬರೀಲಿ? ಅದು ಮಿತಿಯ ಹೊರಗೇ ಇದ್ರೆ? ನನಗೇನು ಕೇಳಿಸ್ತೇ?”

ಪರೀಕ್ಷೆಗೆ ಹೋಲಿಕೆಯಾಗಿ ಸೈಲೆನ್ಸರ್ ಇಲ್ಲದೆ, ಮಾಮೂಲಿ ಗುಂಡು ಹಾರಿಸಲು ನಿರ್ದೇಶಿಸಲಾಯಿತು. ವೇಯ್ಕೊ ಮತ್ತೆ ದೋಣಿ ಹತ್ತಿ ಹೋದ. ಈ ಸಲ ಕಾಯುವ ಪ್ರಮೇಯವೇ ಬರಲಿಲ್ಲ. ಢಮಾರ್ ಎಂದದ್ದೇ ತಡ ಬಾತುಕೋಳಿಗಳೆಲ್ಲ ಮೇಲೆದ್ದವು, ಶಿಬಿರಾರ್ಥಿಗಳೆಲ್ಲ ಕೆಳಗೆ ಬಿದ್ದರು.

ಕೆಟ್ಟುನೆನ್ ಮುಖ ಅರಳಿತು. “ಹಾಂ! ಇದಪ್ಪಾ ಸದ್ದು ಅಂದ್ರೆ. ಎಷ್ಟು ಸ್ಪಷ್ಟವಾಗಿ ಬಂತು ನೋಡಿ.”

“ಹಂಗಾದ್ರೆ ಪಾಸಾ?”

“ಫೇಲು. ಆದ್ರೆ ಅಳತೆ ಮಾತ್ರ ಶುದ್ಧ.”

ಕೆರ್ತುವಿಗೆ ರೇಗಿಹೋಯಿತು. “ಕೇಳಿಸಿದ್ರೆ ಫೇಲು, ಕೇಳಿಸ್ದಿದ್ರೆ ಪರೀಕ್ಷೆನೇ ಆಗಿಲ್ಲ! ಅತ್ತ ದರಿ, ಇತ್ತ ಪುಲಿ. ನಾವೇನ್ ಸಾಯ್ಬೇಕಾ? ಈ ಗುಡಿಸ್ಲೂ ಹೋದ್ರೆ ಈ ಊರಲ್ಲಿ ಮನುಷ್ಯರ ಮುಖ ನೋಡೋಕೆ ಎಲ್ಲಿಗೆ ಹೋಗ್ಲಿ ನಾನು? ಸ್ಮಶಾನಕ್ಕಾ?”

ಇಷ್ಟು ಮಾತು ಒಟ್ಟಿಗೆ ಕೇಳಿ ಅಭ್ಯಾಸವಿಲ್ಲದ ಸಂಘದವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಲಾಗರ್‌ಸ್ಪೆಟ್ಸ್ ಮಾತ್ರ ಎದ್ದು ನಿಂತ. ಸದ್ದು ಕೇಳಿಸಲಿಲ್ಲವಲ್ಲ, ಇನ್ನಾದರೂ ದೂರು ಹಿಂತೆಗೆದುಕೊಳ್ಳುತ್ತಾನೆಂದು ಕೆರ್ತು ಆಸೆಯಿಂದ ನೋಡಿದಳು.

“ನನ್ನ ದೂರು ಈಗ ಇಮ್ಮಡಿಯಾಗಿದೆ,” ಎಂದ ಆತ. “ಮೊದ್ಲು ಗುಂಡು ಹಾರಿದ್ರೆ ಗೊತ್ತಾಗ್ತಿತ್ತು, ಹಾರ್ದೇ ಇದ್ದಾಗ ಮೌನ ಅಂತ ಧೈರ್ಯವಾಗಿ ಹೇಳ್ಬಹುದಿತ್ತು. ಇನ್ಮೇಲೆ ಯಾವ ಮೌನವನ್ನ ನಂಬೋದು? ಸುಮ್ನೆ ಕೂತಿರೋ ಹೊತ್ತಲ್ಲಿ ಡಬ್ಬಿ ಡಬ್ಬಿ ಗುಂಡು ಹಾರ್ತಿದ್ರೆ? ನನ್ನ ಗಿರಾಕಿಗಳು ಕೊಟ್ಟಿರೋ ದುಡ್ಡು ಅಪ್ಪಟ ಮೌನಕ್ಕೆ, ಕಲಬೆರಕೆಗಲ್ಲ.”

ಇದರಲ್ಲಿ ತಥ್ಯವಿದೆಯೆಂದು ಕೆಟ್ಟುನೆನ್‌ಗೆ ಅನಿಸಿತು. ಅವರು ಪಕ್ಕಕ್ಕೆ ಹೋಗಿ ಮುಖ್ಯ ಕಚೇರಿಗೆ ಫೋನ್ ಮಾಡಿದರು. ಮುಖ್ಯ ಕಚೇರಿ ಬೇಸಿಗೆ ರಜೆಯಲ್ಲಿತ್ತು. ರಜೆ ಮುಗಿದ ಮೇಲೆ, ಕೆರ್ತುವಿನ ನಿದ್ದೆಯೆಲ್ಲ ಹಾಳಾದ ಮೇಲೆ, ಆದೇಶ ಬಂತು:

“ಸದ್ದಿಲ್ಲದ ಗುಂಡು ಸಾರ್ವಜನಿಕರ ತಿಳಿಯುವ ಹಕ್ಕಿಗೆ ಚ್ಯುತಿ ತರುವುದರಿಂದ, ಪ್ರತಿ ಗುಂಡಿನೊಂದಿಗೆ ಏಕಕಾಲದಲ್ಲಿ ಸೈರನ್ ಮೊಳಗಿಸತಕ್ಕದ್ದು. ಸದರಿ ಸೈರನ್ ಆಚೆ ದಡದಲ್ಲಿ ನಿದ್ರಿಸುತ್ತಿರುವವರಿಗೂ ಸ್ಪಷ್ಟವಾಗಿ ಕೇಳಿಸತಕ್ಕದ್ದು. ಎಚ್ಚರಿಕೆಯ ಸದ್ದು ಗದ್ದಲವಲ್ಲ, ಸೇವೆ. ಆದ್ದರಿಂದ ಅದಕ್ಕೆ ಮಿತಿ ಅನ್ವಯಿಸುವುದಿಲ್ಲ.”

ಮುಚ್ಚಿಹೋಗಿದ್ದ ಅಗ್ನಿಶಾಮಕ ಠಾಣೆಯ ಸೈರನ್ನನ್ನು ಇಳಿಸಿ ತಂದು ಗುಡಿಸಲಿನ ಮಾಡಿನ ಮೇಲೆ ಕೂರಿಸಲಾಯಿತು. ಅದರ ತಂತಿಯನ್ನು ರೈಫಲ್ಲಿನ ಕುದುರೆಗೆ ಜೋಡಿಸಿದರು. ಮರುಪರೀಕ್ಷೆಯಲ್ಲಿ ವೇಯ್ಕೊ ಕುದುರೆ ಎಳೆದಾಗ ಮೂರು ಹಳ್ಳಿಗಳ ನಾಯಿಗಳು ಒಟ್ಟಿಗೆ ಊಳಿಟ್ಟವು. ಕೆಟ್ಟುನೆನ್ ಮಾಪಕದಲ್ಲಿ ಬಂದ ಅಂಕಿಯನ್ನು ಬರೆದುಕೊಂಡು, ಅದರಿಂದ ಸೇವೆಯ ಪಾಲನ್ನು ಕಳೆದರು. ಉಳಿದದ್ದು ಸೊನ್ನೆ.

“ಪಾಸು!” ಎಂದು ಕೂಗಿದರು, ಏಕೆಂದರೆ ಮೆಲ್ಲಗೆ ಹೇಳಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ.

“ಹೋದ್ಸಲಾನೂ ಏನೂ ಇರ್ಲಿಲ್ವಲ್ಲಾ!” ಎಂದು ಕೆರ್ತು ವಾಪಸು ಕೂಗಿದಳು.

“ಹೋದ್ಸಲ ಏನೂ ಇರ್ಲಿಲ್ಲ. ಈ ಸಲ ಸೊನ್ನೆ ಇದೆ. ಸೊನ್ನೆ ಅಂದ್ರೆ ಒಂದು ಸಂಖ್ಯೆ ಕಣಮ್ಮಾ!”

ಪರವಾನಗಿ ನವೀಕರಣವಾಯಿತು. ಲಾಗರ್‌ಸ್ಪೆಟ್ಸ್ ಸೈರನ್ನಿನ ಮೇಲೆ ದೂರು ಕೊಡಲು ಹೋದ. ಗದ್ದಲದ ಮೇಲಾದರೆ ದೂರು ತೆಗೆದುಕೊಳ್ಳುತ್ತೇವೆ, ಸೇವೆ ಮೆಚ್ಚಿಕೆಯಾಗಿದ್ದರೆ ಎದುರಿನ ಕಿಟಕಿಯಲ್ಲಿ ತಿಳಿಸಬಹುದು ಎಂದರು ಕಚೇರಿಯವರು. ಆತ ಜಾಣ. ಶಿಬಿರಾರ್ಥಿಗಳಿಗೆಲ್ಲ ದಪ್ಪ ಕಿವಿಮುಚ್ಚಳ ಹಂಚಿ, ‘ಪರಿಪೂರ್ಣ ಮೌನ’ ಎಂದು ಹೊಸ ಹೆಸರಿಟ್ಟು, ಶುಲ್ಕ ಏರಿಸಿದ. ಶಿಬಿರಕ್ಕೆ ಜಾಗ ಸಾಲದಾಯಿತು. ಅವನ ಉಪನ್ಯಾಸ ಕೇಳಿಸದಂತಾದ ಮೇಲೆ ಹಲವರು ಎರಡನೇ ಸಲವೂ ಬಂದರು.

ಗುಡಿಸಲಿನಲ್ಲೂ ಕಿವಿಮುಚ್ಚಳ ಕಡ್ಡಾಯವಾಯಿತು. ಕೆಟ್ಟುನೆನ್ ತಪಾಸಣೆಗೆ ಬಂದಾಗ ನಿಯಮದಂತೆ ತಾವೂ ಒಂದು ಜೊತೆ ಹಾಕಿಕೊಂಡು, ಇಡೀ ಮಧ್ಯಾಹ್ನ ಮೂಲೆಯಲ್ಲಿ ಕೂತರು. ಯಾವುದೇ ಸದ್ದು ಕೇಳಿಬಂದಿಲ್ಲವೆಂದು ವರದಿ ಕೊಟ್ಟರು. ಆ ವರದಿಯ ಆಧಾರದ ಮೇಲೆ ಕಚೇರಿಯು ನೊಕಿಲಂಪಿಯನ್ನು ಜಿಲ್ಲೆಯ ಅತ್ಯಂತ ಶಾಂತ ಊರೆಂದು ಘೋಷಿಸಿತು.

ಮೊದಮೊದಲು ಕೆರ್ತುವಿಗೆ ಅಳು ಬರುತ್ತಿತ್ತು. ಗುಡಿಸಲು ಉಳಿಯಿತು, ಸರಿ. ಆದರೆ ಕಿವಿ ಮುಚ್ಚಿಕೊಂಡ ಜನರ ನಡುವೆ ಕೂತು ಮಾಡುವುದೇನು? ಇನ್ನು ಯಾರೂ ಬರುವುದಿಲ್ಲ ಎಂದುಕೊಂಡಳು. ಆದರೆ ಅವರು ಬಂದರು, ಎಂದಿನಂತೆ. ಒತ್ತೊತ್ತಾಗಿ ಕೂತರು, ಎಂದಿನಂತೆ. “ಇನ್ನೊಂದು ಲೋಟ ಕಾಫಿ ಯಾರಿಗ್ರೋ?” ಎಂದು ಆಕೆ ಕೇಳಿದ್ದು ಒಬ್ಬರಿಗೂ ಕೇಳಿಸಲಿಲ್ಲ, ಎಲ್ಲ ಲೋಟಗಳೂ ಮುಂದೆ ಬಂದವು. ಹೊರಗೆ ಯಾರೋ ಗುಂಡು ಹಾರಿಸಿದರು, ಸೈರನ್ನಿಗೆ ಮಾಡು ನಡುಗಿತು, ಗೋಡೆಯ ಮೇಲಿದ್ದ ಮೂಸಿನ ಕೊಂಬಿನಿಂದ ಧೂಳು ಉದುರಿ ಸಕ್ಕರೆ ಬಟ್ಟಲಿಗೆ ಬಿತ್ತು.

ವೇಯ್ಕೊ ತನ್ನದೂ ಅತ್ತಿಗೆಯದೂ ಒಂದೊಂದು ಕಡೆಯ ಕಿವಿಮುಚ್ಚಳ ಎತ್ತಿ ಆಕೆಯ ಕಡೆ ಬಾಗಿದ.

“ಹಿಂದಿಗಿಂತ ಇದೇ ವಾಸಿ, ಅತ್ತಿಗೆ.”

“ಅದ್ಹೆಂಗೋ?”

“ಈಗ ಮಾತಾಡ್ದೇ ಇರೋಕೆ ಒಂದು ಕಾರಣ ಅಂತ ಇದೆ.”

ಕೆರ್ತು ಅವನ ಲೋಟಕ್ಕೂ ಕಾಫಿ ಬಗ್ಗಿಸಿ, ತನ್ನ ಕಿವಿಮುಚ್ಚಳ ಸರಿಪಡಿಸಿಕೊಂಡು, ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.