ಕಾಮಕಸ್ತೂರಿ ಡ್ರಮ್ಮೂ ನಮ್ಮ ಸೇಠನ ಮೂಗೂ

ನಮ್ಮ ಸೇಠ್ ಭರ್ತಿ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಲಿಲ್ಲ. ಇದು ತಪ್ಪು. ಮುಂಬೈನ ಕಾಂದಿವಲಿಯ ಈ ಕಾರ್ಖಾನೆಯಲ್ಲಿ ಸೆಂಟು, ಸಾಬೂನು, ಸಾಸುಗಳಿಗೆ ಬೆರೆಸುವ ಸುವಾಸನೆಯ ಎಣ್ಣೆಗಳನ್ನು ಡ್ರಮ್ಮಿನಿಂದ ಡಬ್ಬಿಗೆ ತುಂಬುವವರು ನಾವು. ಕೋಣೆಗೆ ಕಿಟಕಿ ಇಲ್ಲ. ನನ್ನ ಪಕ್ಕದಲ್ಲಿ ಯಾದಗಿರಿ ಕಡೆಯ ಅಕ್ಕ ಕೂರುತ್ತಾಳೆ. ಆಕೆಗೆ ಈಗ ಮನೆಯಲ್ಲಿ ಹಾಲು ಸೀದರೂ ವಾಸನೆ ತಿಳಿಯುವುದಿಲ್ಲ. ಸಿಟ್ಟು ಬರುತ್ತದೆ. ಆದರೆ ವಾರಕ್ಕೊಮ್ಮೆ ಏನಾದರೂ ನಡೆದು ಆ ಸಿಟ್ಟಿನಲ್ಲೂ ನಗಿಸಿಬಿಡುತ್ತದೆ.

೧. ಅರ್ಜಿ

ಕಾಮಕಸ್ತೂರಿ ಅಂದರೆ ತುಳಸಿ ಜಾತಿಯ ಗಿಡ, ಪಿಜ್ಜಾಕ್ಕೆ ಹಾಕುವ ಬೇಸಿಲ್. ಅದರ ಎಣ್ಣೆ ಡ್ರಮ್ಮಿನ ಮುಚ್ಚಳ ತೆಗೆದರೆ ಮೊದಲು ಸೋಂಪು, ಹಿಂದೆಯೇ ಲವಂಗ ಮೂಗಿಗೆ ಬಡಿಯುತ್ತದೆ. ದೊಡ್ಡ ಪಾತ್ರೆ ಸಾಸಿಗೆ ಒಂದೆರಡು ಹನಿ ಸಾಕು. ನಾವು ದಿನವಿಡೀ ಡ್ರಮ್ಮಿನ ಬಾಯಿಗೆ ಮುಖ ಕೊಟ್ಟು ಕೂತಿರುತ್ತೇವೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಡಿಕ್ಷನರಿ ಹಿಡಿದು ಡ್ರಮ್ಮಿನ ಮೇಲಿನ ಚೀಟಿ ಓದಿದೆ. ಗಾಳಿಯಾಡುವ ಜಾಗದಲ್ಲೇ ಬಳಸಿ ಎಂದಿತ್ತು. ಅರ್ಜಿ ಬರೆದು ಸೇಠನ ಮುಂದಿಟ್ಟೆ.

“ಖುಷ್ಬೂ ಹೈ ಭಾಯಿ! ಜನ ಇದಕ್ಕೆ ದುಡ್ಡು ಕೊಡ್ತಾರೆ, ನಿನಗೆ ಫುಕಟ್ ಸಿಗ್ತಿದೆ” ಅಂದ. ಅರ್ಜಿಯನ್ನು ಮೂಸಿ ನೋಡಿ, “ವಾಹ್” ಎಂದು ತನ್ನ ಕಾರಿನೊಳಗೆ ಸಿಕ್ಕಿಸಿಕೊಂಡ.

ಕಾಮಕಸ್ತೂರಿಯ ವಾಸನೆ ಬೇಗ ಹಾರಿಹೋಗುತ್ತದೆ. ಮುಂದಿನ ವಾರ ಕರೆದು ಹೇಳಿದ: “ಆ ಕಾಗದದ ವಾಸನೆ ಹೋಯ್ತು. ಇನ್ನೊಂದು ಅರ್ಜಿ ಬರಿ.”

೨. ಲೋಕಲ್‌ನಲ್ಲಿ ತೀರ್ಥ

ಸಂಜೆಯ ಲೋಕಲ್. ಬಾಗಿಲ ಬಳಿ ಜೋತಾಡುತ್ತಿದ್ದೆ. ಬಿಳಿ ಟೋಪಿಯ ಅಜ್ಜ ನನ್ನ ಅಂಗಿ ಮೂಸಿ, “ಪಂಢರಪುರಾಹೂನ್ ಆಲಾತ್ ಕಾ?” ಎಂದು ಕೇಳಿದ. ತುಳಸಿಮಾಲೆಯ ವಿಠ್ಠಲನ ಊರಿಂದ ಬಂದೆನೆಂದು ಅವನ ಲೆಕ್ಕ.

“ಇಲ್ಲ ಬಾಬಾ, ಕಂಪನಿಯಿಂದ.”

ಅಜ್ಜ ನಂಬಲಿಲ್ಲ. ಅಂಗೈ ಚಾಚಿದ. ಆ ಗರ್ದಿಯಲ್ಲಿ ವಾದ ಮಾಡುವುದುಂಟೇ? ನನ್ನ ಬಾಟಲಿಯ ನೀರನ್ನೇ ಸುರಿದೆ. ಕಣ್ಣಿಗೊತ್ತಿಕೊಂಡು ಕುಡಿದ. ತಕ್ಷಣ ಇನ್ನೂ ನಾಲ್ಕು ಅಂಗೈ ಬಂದವು. ಇತ್ತ ಬಲಗಡೆ ನಿಂತಿದ್ದ ಕಾಲೇಜು ಹುಡುಗ ಮೂಗರಳಿಸಿ ಫೋನಿನಲ್ಲಿ ಹೇಳುತ್ತಿದ್ದ: “ಮಮ್ಮಿ, ಆಜ್ ಪಿಜ್ಜಾ ಮಂಗಾ ಲೋ.”

ಅಂಗಿ ಒಂದೇ. ಎಡಗಡೆಯವರಿಗೆ ವಿಠ್ಠಲ, ಬಲಗಡೆಯವನಿಗೆ ಪಿಜ್ಜಾ. ನನಗೆ ತಲೆನೋವು.

೩. ಈಶಾನ್ಯ ಮೂಲೆ

ಒಂದು ದಿನ ನೋಡಿದರೆ ಡ್ರಮ್ಮಿಗೆ ಕುಂಕುಮ, ಮೇಲೊಂದು ಹೂವು. ಅಕ್ಕನ ಕೆಲಸ.

“ಇದು ಸಾಸಿಗೆ ಹಾಕೋದು ಅಕ್ಕಾ, ಪೂಜೆಗಲ್ಲ.”

“ಇರ್ಲಿ ಬಿಡೋ ತಮ್ಮಾ. ಎಲ್ಲಿದ್ರೂ ತುಳಸವ್ವನ ಬಳಗಾನ ಅಲ್ಲೇನು?”

ಅಷ್ಟರಲ್ಲಿ ಸೇಠ್ ಬಂದ. ಅಕ್ಕ ತನಗೆ ಬರುವಷ್ಟು ಹಿಂದಿಯಲ್ಲಿ ಅವನನ್ನೇ ತರಾಟೆಗೆ ತೆಗೆದುಕೊಂಡಳು: “ಸೇಠ್‌ಜೀ, ತುಳಸಿ ಮಾತಾ ಸಂಡಾಸ್ ಕೆ ಬಾಜೂ ಮೇ? ಪಾಪ್ ಲಗೇಗಾ!” ನಿಜ, ನಮ್ಮ ಕೋಣೆಯ ಗೋಡೆಯಾಚೆಯೇ ಸಂಡಾಸು.

ವಾಸ್ತು ನೋಡದೆ ಕುರ್ಚಿ ಸರಿಸದ ಸೇಠ್ ಬೆವರಿದ. ಡ್ರಮ್ ಈಶಾನ್ಯಕ್ಕೆ ಹೋಗಲಿ ಅಂದ. ಈಶಾನ್ಯದಲ್ಲಿದ್ದದ್ದು ಅವನದೇ ಎಸಿ ಕ್ಯಾಬಿನ್. ನನ್ನ ಅರ್ಜಿಗಳು ಮಾಡಲಾಗದ್ದನ್ನು ಅಕ್ಕನ ಒಂದು ಗದರಿಕೆ ಮಾಡಿತು.

ಡ್ರಮ್ಮಿನ ಮುಚ್ಚಳ ಸಡಿಲ. ಮೊದಲ ದಿನ ಸೇಠ್ ಖುಷಿಯಾಗಿದ್ದ. ಎರಡನೇ ದಿನ ಚಹಾ ಕೆಮ್ಮಿನ ಔಷಧಿಯಂತಿದೆ ಎಂದು ಚಹಾದವನಿಗೆ ಬೈದ. ಮೂರನೇ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದ. ಹೆಂಡತಿ ಹಾಲ್‌ನಲ್ಲಿ ಮಲಗಿಸಿದ್ದಳಂತೆ. ನಾಲ್ಕನೇ ದಿನ ಎಲೆಕ್ಟ್ರಿಷಿಯನ್ ಎಕ್ಸಾಸ್ಟ್ ಫ್ಯಾನ್ ಹೊತ್ತು ತಂದ. ಅಕ್ಕ ಎಲ್ಲರಿಗೂ ಬೆಲ್ಲ ಹಂಚಿದಳು.

ಫ್ಯಾನನ್ನು ಕ್ಯಾಬಿನ್ನಿನ ಗೋಡೆಗೆ ಹಾಕಿದರು. ಮರುದಿನ ಬೆಳಿಗ್ಗೆ ಡ್ರಮ್ ನಮ್ಮ ಕೋಣೆಯಲ್ಲಿತ್ತು.

“ಸೇಠ್‌ಜೀ, ಪಾಪ?” ಎಂದೆ.

“ಫ್ಯಾನ್ ಇರೋ ಕಡೆ ಮಾಲು ಇಡೋಕಾಗುತ್ತಾ? ಖುಷ್ಬೂ ಎಲ್ಲಾ ಹೊರಗೆ ಹೋಗಿಬಿಡುತ್ತೆ!”

ನಕ್ಕಿರಾ? ಈಗ ಏಳಿ. ನೀವು ದುಡಿಯುವ ಕೋಣೆಯ ಗೋಡೆ ನೋಡಿ. ಫ್ಯಾನ್ ಇಲ್ಲದಿದ್ದರೆ ನನ್ನ ಹಾಗೆ ಒಬ್ಬರೇ ಅರ್ಜಿ ಬರೆಯಬೇಡಿ. ಎಲ್ಲರೂ ಸೇರಿ ಹೋಗಿ, ಸೇಠನ ಕುರ್ಚಿ ಎತ್ತಿ ತನ್ನಿ, ನಿಮ್ಮ ನಡುವೆ ಹಾಕಿ, ಅವನನ್ನು ಕೂರಿಸಿ. ಫ್ಯಾನ್ ತಿರುಗುವವರೆಗೂ ಏಳಲು ಬಿಡಬೇಡಿ.