ಹಜಾರಕ್ಕೆ ಬಂದ ಬಂಪರ್

ನನ್ನ ಜೀಪಿನ ಬಗ್ಗೆ ನನ್ನ ಹೆಂಡತಿ ಆಡಿದ ಮಾತುಗಳನ್ನೆಲ್ಲ ಬರೆದಿಟ್ಟಿದ್ದರೆ ಇಷ್ಟೊತ್ತಿಗೆ ಒಂದು ಮಹಾಕಾವ್ಯವಾಗುತ್ತಿತ್ತು. ಕಾಡು, ಕಲ್ಲು, ಕೆಸರು ಯಾವುದಕ್ಕೂ ಜಗ್ಗದ ಗಾಡಿ ಅದು ಎಂದು ನಾನು. ನಾಲ್ಕು ವರ್ಷದಲ್ಲಿ ಅದು ಕಂಡ ಅತಿ ದೊಡ್ಡ ಕೆಸರು ಅಂದರೆ ನಮ್ಮ ಬೀದಿಯ ನೀರಿನ ಪೈಪು ಒಡೆದಾಗಿನದು ಎಂದು ಅವಳು. (ಆ ಕೆಸರನ್ನು ನಾನು ಬೇಕೆಂದೇ ಎರಡು ಸಲ ದಾಟಿದ್ದೆ. ಅದನ್ನೂ ಅವಳು ಕಿಟಕಿಯಿಂದ ನೋಡಿಬಿಟ್ಟಿದ್ದಳು.)

ಈ ಅಪವಾದ ತೊಳೆದುಕೊಳ್ಳೋಣವೆಂದು ಜೀಪ್ ಕ್ಲಬ್ಬಿಗೆ ಸೇರಿದೆ. ಅದರ ಮುಖ್ಯಸ್ಥರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಯಾವ ಸೈನ್ಯದ ಕ್ಯಾಪ್ಟನ್ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ. ಅವರು ನನ್ನ ಗಾಡಿಯ ಹಿಂದೆ ಬಂದು ನಿಂತು, ಬಂಪರನ್ನು ಬೆರಳಿನಿಂದ ಟಕ್ಕೆಂದು ಬಾರಿಸಿ, "ಪ್ಲಾಸ್ಟಿಕ್ಕು!" ಎಂದರು.

"ಕಬ್ಬಿಣದ್ದು ಹಾಕ್ಸಿ. ಎರಡು ಕಡೆ ಕೊಂಡಿ ಇರ್ಬೇಕು. ಕೆಸರಲ್ಲಿ ಹೂತ್ಕೊಂಡ್ರೆ ಹಗ್ಗ ಎಲ್ಲಿಗೆ ಕಟ್ಟಿ ಎಳೀಲಿ, ನಿಮ್ಮ ಕೊರಳಿಗಾ? ಕೊಂಡಿ ಇಲ್ದೆ ಬೆಟ್ಟಕ್ಕೆ ಬರೋ ಹಾಗಿಲ್ಲ."

ಬೆಟ್ಟದ ಸವಾರಿಗೆ ಇನ್ನು ಐದು ವಾರವಿತ್ತು. ನಾನು ಹೋಗಲೇಬೇಕಿತ್ತು. ಹೋಗದಿದ್ದರೆ ಹೆಂಡತಿಯ ಮಹಾಕಾವ್ಯಕ್ಕೆ ಇನ್ನೊಂದು ಸರ್ಗ ಸೇರುವುದು ಖಂಡಿತ.

ಅಂದಿನಿಂದ ಫೋನಿನಲ್ಲಿ ಬಂಪರುಗಳನ್ನು ನೋಡುವುದೇ ನನ್ನ ಉದ್ಯೋಗವಾಯಿತು. ಕೊಳವೆಯದು ಹಗುರ, ಆದರೆ ಮಂಚದ ಕಾಲಿನ ಹಾಗೆ ಕಾಣುತ್ತದೆ. ದಪ್ಪ ತಗಡಿನದಕ್ಕೆ ಗಾಂಭೀರ್ಯವಿದೆ, ಆದರೆ ಭಾರ. ಇನ್ನೊಂದರಲ್ಲಿ ಸ್ಟೆಪ್ನಿ ಹೊರುವ ಉದ್ದನೆಯ ತೋಳಿತ್ತು. ಆ ತೋಳನ್ನು ಸರಿಸದೆ ಹಿಂಬಾಗಿಲು ತೆಗೆಯುವಂತಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಫೋನು, ಫೋನಿನ ಪಕ್ಕದಲ್ಲಿ ಅಳತೆಯ ಟೇಪು.

"ಮದುವೆಗೆ ಮುಂಚೆ ನನ್ನನ್ನ ಇಷ್ಟು ಹೊತ್ತು ನೋಡಿದ್ರೇನ್ರೀ?" ಎಂದಳು ಹೆಂಡತಿ.

'ಇಷ್ಟು ಹೊತ್ತು ನೋಡಿದ್ದಿದ್ರೆ...' ಎಂದು ನಾಲಿಗೆಯ ತುದಿಗೆ ಬಂದಿತ್ತು. ಅನ್ನದ ಜೊತೆ ನುಂಗಿಕೊಂಡೆ.

ಕೊನೆಗೆ ದಪ್ಪ ತಗಡಿನದೇ ಆಗಲಿ ಎಂದು ವೆಲ್ಡಿಂಗ್ ಶೆಡ್ಡಿನ ಕಿಡಿಯಣ್ಣನಿಗೆ ಹೇಳಿದೆ. ಮೂರು ವಾರಕ್ಕೆ ಬಂಪರ್ ಸಿದ್ಧವಾಯಿತು. ಮೇಲೆ ಹತ್ತಿ ನಿಲ್ಲುವಷ್ಟು ಅಗಲದ ಸಪಾಟು ತಗಡು, ಎರಡು ತುದಿಯಲ್ಲೂ ಕೈಬಳೆ ಗಾತ್ರದ ಕೊಂಡಿ. ಆದರೆ ಗಾಡಿಗೆ ಕೂರಿಸುವ ಬ್ರಾಕೆಟ್ ಬರಲು ಇನ್ನೂ ಹತ್ತು ದಿನ ಬೇಕಂತೆ. "ಶೆಡ್ಡಲ್ಲಿ ಜಾಗ ಇಲ್ಲ ಸಾರ್, ಮನೇಲಿ ಇಟ್ಕೊಳ್ಳಿ," ಎಂದ ಕಿಡಿಯಣ್ಣ. ಹೊರಗಿಟ್ಟರೆ ಕಳ್ಳರ ಭಯ. ಹಾಗಾಗಿ ಆ ಭೀಮಕಾಯ ನಾಲ್ಕು ಜನರ ಹೆಗಲೇರಿ ನಮ್ಮ ಹಜಾರಕ್ಕೆ ಬಂದು, ಎರಡು ಮರದ ದಿಮ್ಮಿಗಳ ಮೇಲೆ ವಿರಾಜಮಾನವಾಯಿತು.

"ಬಂದವರಿಗೆ ಇದೇನು ಅಂತ ಹೇಳ್ಲಿ?"

"ಕಲೆ ಅನ್ನು."

"ನಿಮ್ಮ ತಲೆ ಅಂತೀನಿ," ಎಂದು ಅದರ ಮೇಲೊಂದು ಹಳೆಯ ಬೆಡ್‌ಶೀಟ್ ಎಸೆದಳು.

ಇಲ್ಲಿ ನನ್ನ ಅಮ್ಮನ ಮಂಡಿಗಳ ವಿಷಯ ಹೇಳಬೇಕು. ಅಮ್ಮ ಕೂತರೆ ತಾನಾಗಿ ಏಳಲಾರಳು. ಕುರ್ಚಿ ಹಿಡಿದು ಎದ್ದರೆ ಕುರ್ಚಿಯೂ ಜೊತೆಗೇ ಏಳುತ್ತದೆ, ಸೋಫಾದಲ್ಲಿ ಕೂತರೆ ಮುಳುಗಿಯೇ ಹೋಗುತ್ತಾಳೆ. "ಏಳಿಸ್ರೋ!" ಎಂಬ ಕೂಗು ನಮ್ಮ ಮನೆಯ ಗಡಿಯಾರ. ಎರಡು ಕಡೆ ಇಬ್ಬರು ಹಿಡಿದೆತ್ತಬೇಕು. ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ತನ್ನನ್ನೇ ಎತ್ತಿಸಿಕೊಳ್ಳುವುದು ಎಷ್ಟು ನಾಚಿಕೆ ಅಂತ ನಾನು ಯೋಚಿಸಿದ್ದೇ ಇಲ್ಲ.

ಬಂಪರ್ ಬಂದ ಮೂರನೆಯ ದಿನ ಅಮ್ಮ ಬೆಡ್‌ಶೀಟಿನ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೊಂಡಿಯ ಮೇಲೆ ಕೈಯೂರಿದಳು. ಬಂಪರ್ ಕದಲಲಿಲ್ಲ, ಅಮ್ಮ ಎದ್ದಳು! ಮತ್ತೆ ಕೂತಳು, ಮತ್ತೆ ಎದ್ದಳು. ಯಾರನ್ನೂ ಕೂಗದೆ ನೆಟ್ಟಗೆ ಅಡುಗೆಮನೆಗೆ ನಡೆದು ಎಲ್ಲ ಪಾತ್ರೆಗಳ ಮುಚ್ಚಳ ತೆಗೆದು ನೋಡಿದಳು. ಎರಡು ವರ್ಷದ ಬಾಕಿ ತಪಾಸಣೆ ಒಂದೇ ವಾರದಲ್ಲಿ ಮುಗಿಯಿತು.

"ಬ್ರಾಕೆಟ್ ಯಾವಾಗ್ರೀ ಬರೋದು?" ಎಂದು ಹೆಂಡತಿ ಮೊದಲ ಸಲ ನನ್ನ ಜೀಪಿನ ಬಗ್ಗೆ ಕಾಳಜಿಯಿಂದ ಕೇಳಿದಳು.

ಸವಾರಿಯ ಹಿಂದಿನ ದಿನ, ಶನಿವಾರ, ಬ್ರಾಕೆಟ್ ಬಂತು. ಬಂಪರನ್ನು ಮತ್ತೆ ನಾಲ್ಕು ಜನರಿಂದ ಹೊರಿಸಿಕೊಂಡು ಶೆಡ್ಡಿಗೆ ಹೋದೆ. ಕಿಡಿಯಣ್ಣ ಪ್ಲಾಸ್ಟಿಕ್ ಬಂಪರನ್ನು ಬಿಚ್ಚಿ ಬಿಸಾಡಿದ. ಹಾದುಹೋಗುತ್ತಿದ್ದ ಗುಜರಿಯವನಿಗೆ ನಾನೇ ಅದನ್ನು ಧಾರಾಳವಾಗಿ ಕೊಟ್ಟುಬಿಟ್ಟೆ. ಹೊಸದನ್ನು ಜ್ಯಾಕ್ ಮೇಲೆ ಎತ್ತಿ, ತೂತಿಗೆ ತೂತು ಕೂಡಿಸಿ, ಎಂಟು ಬೋಲ್ಟು ಬಿಗಿದ. ಆಹಾ! ಹಿಂದಿನಿಂದ ನೋಡಿದರೆ ನನ್ನ ಜೀಪು ಬೇರೆ ಯಾರದೋ ಜೀಪಿನ ಹಾಗಿತ್ತು.

ಹಾರ್ನ್ ಹೊಡೆಯುತ್ತಲೇ ಮನೆಗೆ ಬಂದೆ. ಹಜಾರದಲ್ಲಿ ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಹೆಂಡತಿ ಕಾಫಿ ಹಿಡಿದು ನಿಂತಿದ್ದಳು.

"ಬೇಡ ಕಣಮ್ಮಾ. ಕುಡಿದ್ರೆ ಮತ್ತೆ ಏಳ್ಬೇಕಾಗುತ್ತೆ. ನಿಮಗ್ಯಾಕೆ ತೊಂದರೆ," ಎಂದಳು ಅಮ್ಮ. ಆಮೇಲೆ ನನ್ನನ್ನು ನೋಡಿ, "ಚೆನ್ನಾಗಿ ಕೂತಿತೇನೋ ಬಂಪರ್ರು?" ಎಂದು ಕೇಳಿದಳು.

ಅವಳು ಬೈದಿದ್ದರೆ ನಾನು ಜಗಳವಾಡಿ ಬೆಟ್ಟಕ್ಕೆ ಹೋಗಿಬಿಡುತ್ತಿದ್ದೆ. ಹಾಗೆ ಕೇಳಿದ ಮೇಲೆ ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟುಬಿಟ್ಟೆ. ಹೆಂಡತಿಯ ಮುಖ ನೋಡಿದೆ. ಮುಚ್ಚಳಗಳ ತಪಾಸಣೆಯಿಂದ ಪಾರಾಗಿದ್ದವಳು ಅವಳೇ. ಅವಳೇ ಒಳಗೆ ಹೋಗಿ ಸ್ಪ್ಯಾನರ್ ತಂದು ನನ್ನ ಕೈಗಿಟ್ಟಳು.

ಎಂಟು ಬೋಲ್ಟು ಬಿಚ್ಚಿ, ನೆರೆಯವರನ್ನೆಲ್ಲ ಕರೆದು, ಭೀಮಕಾಯವನ್ನು ಮತ್ತೆ ಹಜಾರಕ್ಕೆ ಸೇರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಕ್ಯಾಪ್ಟನ್‌ಗೆ ಫೋನ್ ಮಾಡಿದೆ. "ತಾಯಿ ದೊಡ್ಡವರು, ಸರಿ. ಆದ್ರೆ ಕೊಂಡಿ ಇಲ್ದೆ ಬರೋ ಹಾಗಿಲ್ಲ," ಎಂದರು. ಮುಂದಿನ ತಿಂಗಳ ಸವಾರಿಗಾದರೂ ಇರಲಿ ಎಂದು ಕಿಡಿಯಣ್ಣನಿಗೆ ಇನ್ನೊಂದು ಬಂಪರ್ ಮಾಡಲು ಹೇಳಿದೆ.

ಅಷ್ಟರಲ್ಲಿ ಬಂಪರ್ ಹೊರಲು ಬಂದ ನೆರೆಯವರೆಲ್ಲ ಮನೆಗೆ ಹೋಗಿ ಸುದ್ದಿ ಹೇಳಿದ್ದರು. ಬೀದಿಯ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅಮ್ಮ ಎಲ್ಲರಿಗೂ ಕೂತು ತೋರಿಸಿದಳು, ಎದ್ದು ತೋರಿಸಿದಳು. ಎರಡು ವಾರ ಕಳೆದರೂ ನನ್ನ ಬಂಪರಿನ ಸುಳಿವಿಲ್ಲ. ಶೆಡ್ಡಿಗೇ ಹೋದೆ.

"ಸಾರ್, ನಿಮ್ದು ಗಾಡಿಗಾ, ಮಂಡಿಗಾ?" ಎಂದ ಕಿಡಿಯಣ್ಣ.

"ಗಾಡಿಗೆ ಕಣಯ್ಯಾ! ಬಂಪರ್ ಇನ್ಯಾವುದಕ್ಕೆ?"

"ಮಂಡಿಯವರಿಗೆ ಮೊದ್ಲು ಸಾರ್. ಹದಿನೇಳು ಜನ ಇದ್ದಾರೆ. ಮೂರನೆಯವರು ಕ್ಯಾಪ್ಟನ್ ಸಾಹೇಬ್ರ ಅತ್ತೆ."

ಹದಿನೇಳು ಅಜ್ಜಿಯರ ನಂತರ ನನ್ನ ಸರದಿ! ಅಷ್ಟರಲ್ಲಿ ಬೆಟ್ಟವೇ ಸವೆದು ಹೋಗುತ್ತದೆ. ನನ್ನ ಬುದ್ಧಿ ಚುರುಕಾಯಿತು. ದನಿ ಇಳಿಸಿ, "ನಿಜ ಹೇಳ್ಬೇಕಂದ್ರೆ ನಂದೂ ಮಂಡಿಗೇ," ಎಂದೆ. ಸೊಂಟ ಹಿಡಿದು ನಿಂತಿದ್ದ ನನ್ನನ್ನು ಅವನು ಕನಿಕರದಿಂದ ನೋಡಿ, ಅಂಗಾಲಿನಿಂದ ಮಂಡಿಯವರೆಗೆ ಟೇಪು ಹಿಡಿದು ಅಳತೆ ತೆಗೆದುಕೊಂಡ. (ಗಾಡಿಯ ಅಳತೆ ಅವನಲ್ಲಿ ಮೊದಲೇ ಇದೆಯಲ್ಲ, ಇದು ನಾಟಕಕ್ಕೆ ಅಂದುಕೊಂಡೆ.)

ಸವಾರಿಯ ದಿನ ಬೆಳಿಗ್ಗೆಯೇ ಬಂಪರ್ ಕಿಡಿಯಣ್ಣನ ಜೊತೆ ಮನೆಗೆ ಬಂತು. ಗಾಡಿಯ ಅರ್ಧದಷ್ಟೂ ಅಗಲವಿಲ್ಲ. ಬೋಲ್ಟು ಹಾಕಲು ಒಂದು ತೂತಿಲ್ಲ. ಬೆಸುಗೆ ಹಾಕಿದ ನಾಲ್ಕು ಕಾಲು, ಕಾಲಿಗೆ ರಬ್ಬರು, ಎರಡು ಪಕ್ಕಕ್ಕೂ ಕೊಂಡಿ, ಮೇಲೆ ದಿಂಬು.

"ಇದೇನಯ್ಯಾ?"

"ಮಂಡಿಗೆ ಅಂದ್ರಲ್ಲ ಸಾರ್."

ಹೆಂಡತಿ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಕ್ಲಬ್ಬಿನ ಜೀಪುಗಳು ಧೂಳೆಬ್ಬಿಸಿಕೊಂಡು ನಮ್ಮ ಬೀದಿಯಲ್ಲೇ ಹಾದುಹೋದವು. ಅಂಗಳದಲ್ಲಿ ನನ್ನ ಜೀಪು ಹಿಂದೆ ಏನೂ ಇಲ್ಲದೆ ನಿಂತಿತ್ತು. ಕ್ಯಾಪ್ಟನ್ ಕೈ ಬೀಸಿದರು. ಹಜಾರದ ಬಾಗಿಲಲ್ಲಿ ಅಮ್ಮ ತನ್ನ ಬಂಪರ್ ಮೇಲೆ, ನಾನು ನನ್ನದರ ಮೇಲೆ ಕೂತು, ಇಬ್ಬರೂ ಕೈ ಬೀಸಿದೆವು.

"ಮಗಾ, ನಿನ್ನದಕ್ಕೆ ದಿಂಬಿದೆ. ಏಳು, ನಾನು ಅಲ್ಲಿ ಕೂತ್ಕೋತೀನಿ," ಎಂದಳು ಅಮ್ಮ.

ಎದ್ದೆ. ಕೊಂಡಿ ಹಿಡಿದುಕೊಂಡೇ ಎದ್ದೆ.